ಪಕ್ಕದ ಮನೆಯ ಅಜ್ಜಿಗೆ ರಾಡ್, ನಮ್ಮ ಅತ್ತೆಗೆ ಬಾಲ್: ಏಕೆ?

ಪ್ರಶ್ನೆ: ಎಪ್ಪತ್ತೆರಡು ವರ್ಷದ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಪಕ್ಕದ ಮನೆಯ ಅಜ್ಜಿಗೂ ಹೀಗೆಯೇ ಆದಾಗ ರಾಡ್ ಹಾಕಿದ್ದರು. ಅತ್ತೆಗೆ ಬಾಲ್ ಬದಲಾಯಿಸಬೇಕಂತೆ. ಇದು ಬಿಲ್ ಏರಿಸುವ ಉಪಾಯವೇ?

ಉತ್ತರ: ಅಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಅನುಮಾನ ಸಾಯುತ್ತಿಲ್ಲ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಇಬ್ಬರಿಗೂ ಮುರಿದದ್ದು ತೊಡೆಮೂಳೆಯ ಮೇಲ್ತುದಿಯೇ. ಆದರೆ ಅಲ್ಲಿ ಮುರಿತದ ಗೆರೆ ನಾಲ್ಕು ಬೆರಳು ಮೇಲೆ ಕೆಳಗೆ ಆದರೆ ಚಿಕಿತ್ಸೆಯೇ ಬೇರೆ.

ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿಯಿರಿ. ದುಂಡನೆಯ ಚೆಂಡು, ಅದರ ಕೆಳಗೆ ಓರೆಯಾದ ಕತ್ತು, ಕತ್ತಿನ ಬುಡದಲ್ಲಿ ಎರಡು ಉಬ್ಬು ಕಾಣುತ್ತವೆ. ಚೆಂಡಿಗೆ ರಕ್ತ ಹೋಗುವುದು ಬಹುಪಾಲು ಕತ್ತನ್ನು ಹತ್ತಿಹೋಗುವ ಸಣ್ಣ ನಾಳಗಳಿಂದ. ಕತ್ತು ಮುರಿದು ಪಕ್ಕಕ್ಕೆ ಸರಿದರೆ ಆ ನಾಳಗಳೂ ಹರಿಯುತ್ತವೆ. ಕಾಲುವೆ ಒಡೆದಾಗ ತುದಿಯ ಗದ್ದೆ ಒಣಗಿದಂತೆ ಚೆಂಡು ಒಳಗೊಳಗೇ ಸಾಯಬಹುದು. ಬ್ರಿಟನ್ನಿನ ಗಾರ್ಡನ್ ಎಂಬ ಶಸ್ತ್ರವೈದ್ಯರು 1961ರಲ್ಲಿ ಈ ಕತ್ತಿನ ಮುರಿತವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಮೊದಲ ಎರಡರಲ್ಲಿ ಮೂಳೆ ಸರಿದಿರುವುದಿಲ್ಲ, ಸಾಮಾನ್ಯವಾಗಿ ಸ್ಕ್ರೂ ಸಾಕು. ಮೂರು, ನಾಲ್ಕರಲ್ಲಿ ಸರಿದಿರುತ್ತದೆ. ಅತ್ತೆಯ ವಯಸ್ಸಿನಲ್ಲಿ ಅದನ್ನು ಸ್ಕ್ರೂನಿಂದ ಕೂಡಿಸಹೊರಟರೆ ಮತ್ತೊಂದು ಆಪರೇಷನ್ ಬೇಕಾಗುವ ಸಂಭವ ಹೆಚ್ಚು. ಬಾಲ್ ಬದಲಾಯಿಸುವುದು, ಅಂದರೆ ಆ ಚೆಂಡನ್ನು ತೆಗೆದು ಕೃತಕ ಚೆಂಡು ಕೂರಿಸುವುದು ಅದಕ್ಕೇ. ಮೂವತ್ತು ವರ್ಷದವರಾಗಿದ್ದರೆ ಇದೇ ವೈದ್ಯರು ಸ್ವಂತ ಚೆಂಡನ್ನೇ ಉಳಿಸಲು ಹೆಣಗುತ್ತಿದ್ದರು.

ಅಜ್ಜಿಗೆ ಮುರಿದದ್ದು ಬಹುಶಃ ಉಬ್ಬುಗಳ ನಡುವೆ. ಅಲ್ಲಿ ರಕ್ತ ಧಾರಾಳ, ಮೂಳೆ ಕೂಡಿಕೊಳ್ಳುತ್ತದೆ. ಕೂಡುವವರೆಗೆ ಭಾರ ಹೊರುವುದು ಹೇಗೆಂಬುದೇ ಚಿಂತೆ. ಮುರಿತ ಸ್ಥಿರವಾಗಿದ್ದರೆ ಪ್ಲೇಟು ಮತ್ತು ಸ್ಕ್ರೂ ನಡೆಯುತ್ತದೆ. ಚೂರಾಗಿದ್ದರೆ, ಮೂಳೆಯ ಹೊರಗೋಡೆ ಒಡೆದಿದ್ದರೆ ಮಜ್ಜೆಯ ಕೊಳವೆಯೊಳಗೆ ರಾಡ್ ಬೇಕು.

ಅನುಮಾನ ಉಳಿದಿದ್ದರೆ ಫಿಲ್ಮನ್ನು ಇನ್ನೊಬ್ಬ ಮೂಳೆ ವೈದ್ಯರಿಗೆ ಇಂದೇ ತೋರಿಸಿ. ವಾರಗಟ್ಟಲೆ ಯೋಚಿಸಬೇಡಿ. ಮಲಗಿದಲ್ಲೇ ಇರುವ ಹಿರಿಯರಿಗೆ ನ್ಯುಮೋನಿಯಾ, ಬೆನ್ನುಹುಣ್ಣು ಕಾದಿರುತ್ತವೆ. ಸಾಧ್ಯವಾದರೆ 48 ಗಂಟೆಯೊಳಗೆ ಆಪರೇಷನ್ ಆಗಬೇಕು.

ನೀವು ಕೇಳದಿದ್ದರೂ ಒಂದು ಮಾತು. ನಿಂತಲ್ಲಿಂದ ಬಿದ್ದಷ್ಟಕ್ಕೇ ಸೊಂಟ ಮುರಿಯಿತೆಂದರೆ ಮೂಳೆ ಮೊದಲೇ ಸವೆದಿತ್ತು ಎಂದರ್ಥ. ಇನ್ನೊಂದು ಕಾಲಿನ ಮೂಳೆಯೂ ಗಟ್ಟಿಯಿರುವುದಿಲ್ಲ. ಎಷ್ಟೋ ಮನೆಯವರು ಹೊಲಿಗೆ ಬಿಚ್ಚಿಸಿಕೊಂಡು ಹೋದವರು ಇದಕ್ಕಾಗಿ ಮರಳಿ ಬರುವುದೇ ಇಲ್ಲ. ಬಿಡುಗಡೆಯ ದಿನವೇ ವಿಟಮಿನ್ ಡಿ ಪರೀಕ್ಷೆ, ಮೂಳೆ ಸಾಂದ್ರತೆಯ ಸ್ಕ್ಯಾನ್, ಮೂಳೆ ಸವೆತ ತಡೆಯಲು ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೋನಿಕ್ ಆಮ್ಲದ ಬಗ್ಗೆ ಕೇಳಿ. ಅತ್ತೆಯ ಮೂತ್ರಪಿಂಡದ ವರದಿಯನ್ನೂ ಜೊತೆಗೆ ಒಯ್ಯಿರಿ, ಆ ಔಷಧಿ ಕೊಡುವ ಮುನ್ನ ಅದನ್ನು ನೋಡಲೇಬೇಕು.