ಶಾಂಪೂ ಬಾಟಲಿಯೊಳಗಿನ ಗೋರಿಕಾಯಿ

ಶಾಂಪೂ ಬಾಟಲಿಯ ಹಿಂಬದಿಯ ಸಣ್ಣಕ್ಷರಗಳನ್ನು ಯಾವತ್ತಾದರೂ ಓದಿದ್ದೀರಾ? ಎಷ್ಟೋ ಬ್ರಾಂಡ್‌ಗಳಲ್ಲಿ ‘ಗ್ವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್’ ಎಂಬ ಮಾರುದ್ದದ ಹೆಸರು ಸಿಗುತ್ತದೆ. ಹೆದರಬೇಡಿ. ಗ್ವಾರ್ ಅಂದರೆ ನಾವು ಪಲ್ಯ ಮಾಡುವ ಗೋರಿಕಾಯಿ. ಅದರ ಬೀಜದಿಂದ ಬರುವ ಅಂಟಿಗೆ ಅಲ್ಲಲ್ಲಿ ಪ್ಲಸ್ ಚಾರ್ಜ್ ಕೂರಿಸಿ ಶಾಂಪೂಗೆ ಸೇರಿಸಿರುತ್ತಾರೆ.

ಅದರ ಕೆಲಸ ತಿಳಿಯಬೇಕಾದರೆ ಮೊದಲು ಸರ್ಫ್ಯಾಕ್ಟಂಟ್ ಕಡೆ ನೋಡಬೇಕು. ಕೊಳೆ ತೆಗೆಯುವುದು ಅದೇ. ಅದರ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ. ನೀರಿಗೆ ಬಿದ್ದ ಅಣುಗಳು ಮೇಲ್ಮೈಗೆ ಬಂದು, ಬಾಲವನ್ನು ಗಾಳಿಗೆ ಚಾಚಿ ಒತ್ತೊತ್ತಾಗಿ ನಿಲ್ಲುತ್ತವೆ. ಅಲ್ಲಿ ಜಾಗ ತುಂಬಿದ ಮೇಲೆ ಉಳಿದವು ನೀರೊಳಗೇ ಉಂಡೆ ಕಟ್ಟುತ್ತವೆ: ಬಾಲಗಳೆಲ್ಲ ಒಳಗೆ, ತಲೆಗಳು ಹೊರಗೆ. ಇದೇ ಮೈಸೆಲ್. ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಸರ್ಫ್ಯಾಕ್ಟಂಟ್ ಆದರೆ ಲೀಟರ್ ನೀರಿಗೆ ಸುಮಾರು 2.3 ಗ್ರಾಂ ದಾಟಿದರೆ ಸಾಕು, ಉಂಡೆಗಳು ಶುರು. ಒಂದೊಂದರಲ್ಲೂ ಸುಮಾರು 60 ಅಣು. ಕೂದಲಿನ ಜಿಡ್ಡು ಇವುಗಳ ಹೊಟ್ಟೆ ಸೇರಿ ನೀರಿನ ಜೊತೆ ಹೋಗುತ್ತದೆ. (ನೊರೆ ಜಾಸ್ತಿ ಬಂದರೆ ಕೊಳೆ ಜಾಸ್ತಿ ಹೋಯಿತು ಅನ್ನೋದು ಸುಮ್ನೆ ನಂಬಿಕೆ.)

ಈ ಸರ್ಫ್ಯಾಕ್ಟಂಟ್ ತಲೆಗೆ ಮೈನಸ್ ಚಾರ್ಜ್. ಗೋರಿಕಾಯಿ ಅಂಟು ಪಾಲಿಮರ್, ಅಂದರೆ ಸಾವಿರಾರು ಕೊಂಡಿಗಳ ಸರಪಳಿ. ಅದಕ್ಕೆ ಪ್ಲಸ್ ಚಾರ್ಜ್. ಎರಡನ್ನೂ ಬೆರೆಸಿದರೆ ಒಂದನ್ನೊಂದು ತಬ್ಬಿಕೊಂಡು ತಳ ಸೇರಬೇಕಲ್ವಾ? 1970ರ ದಶಕದಲ್ಲಿ ಅಮೆರಿಕದಲ್ಲಿ ಗೊಡ್ಡಾರ್ಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇಂಥದೇ ಪಾಲಿಮರ್ ಒಂದರ ಮೇಲೆ ಇದನ್ನು ನೋಡಿದರು. ಅವರದ್ದು ಹತ್ತಿ, ಮರದಲ್ಲಿರುವ ಸೆಲ್ಯುಲೋಸ್‌ನಿಂದ ಮಾಡಿದ್ದು. ತಿಳಿಯಾದ ಪಾಲಿಮರ್ ನೀರಿಗೆ ಸರ್ಫ್ಯಾಕ್ಟಂಟ್ ಹಾಕುತ್ತಾ ಹೋದರೆ ಮೊದಲು ಮಬ್ಬಾಗುತ್ತದೆ, ಆಮೇಲೆ ಹಾಲು ಒಡೆದ ಹಾಗೆ ಗಸಿ ಕಟ್ಟುತ್ತದೆ. ಅಲ್ಲಿಗೇ ನಿಲ್ಲಿಸದೆ ಇನ್ನೂ ಹಾಕಿದರೆ ಗಸಿ ಕರಗಿ ಮತ್ತೆ ತಿಳಿ! ಸರಪಳಿಯ ಪ್ಲಸ್ ಅಷ್ಟನ್ನೂ ಮುಚ್ಚಿದ ಮೇಲೂ ಸರ್ಫ್ಯಾಕ್ಟಂಟ್ ಬಂದು ಕೂರುತ್ತಲೇ ಇರುತ್ತದೆ. ಈಗ ಸರಪಳಿಯೇ ಒಟ್ಟಾರೆ ಮೈನಸ್ ಆಗಿ, ನೀರಲ್ಲಿ ಆರಾಮಾಗಿ ತೇಲುತ್ತದೆ.

ಬಾಟಲಿಯೊಳಗಿನ ಶಾಂಪೂ ಇರುವುದು ಈ ಕೊನೆಯ ಹಂತದಲ್ಲಿ. ತಲೆಗೆ ನೀರು ಸುರಿದಾಗ ದಾರಿ ಹಿಂದಕ್ಕೆ ತಿರುಗುತ್ತದೆ. ಸರ್ಫ್ಯಾಕ್ಟಂಟ್ ತೆಳುವಾಗಿ ಸರಪಳಿಯನ್ನು ಬಿಟ್ಟು ಹೋಗುತ್ತದೆ, ಚಾರ್ಜ್ ಸರಿಸಮವಾಗುತ್ತದೆ, ಪಾಲಿಮರ್ ಮೆತ್ತನೆಯ ಹನಿಗಳಾಗಿ ಬೇರ್ಪಟ್ಟು ಕೂದಲ ಮೇಲೆ ಕೂರುತ್ತದೆ. ಸಿಲಿಕೋನ್ ಎಣ್ಣೆ ಇದ್ದರೆ ಅದನ್ನೂ ಎಳೆದು ತಂದು ಅಂಟಿಸುತ್ತದೆ. ತೊಳೆಯಲೆಂದು ಸುರಿದ ನೀರೇ ಲೇಪ ಹಚ್ಚುವ ಕೆಲಸವನ್ನೂ ಮಾಡಿಬಿಡುತ್ತದೆ. ಈ ಜಾಣತನಕ್ಕೆ ನಾನಂತೂ ತಲೆದೂಗಿದ್ದೇನೆ.

ಕೂದಲಿಗೂ ಮೈನಸ್ ಚಾರ್ಜೇ. ಬ್ಲೀಚ್ ಮಾಡಿ ಹಾಳಾದ ಕಡೆ ಅದು ಇನ್ನೂ ಜಾಸ್ತಿ, ಹಾಗಾಗಿ ಪಾಲಿಮರ್ ಹುಡುಕಿಕೊಂಡು ಹೋಗುವುದೂ ಅಲ್ಲಿಗೇ. ನಮ್ಮ ಕರಾವಳಿ, ಮಲೆನಾಡಿನ ಗೊಂಪಿನ, ಅಂದರೆ ತಲೆಗೆ ಹಚ್ಚಲು ಕಿವುಚಿದ ದಾಸವಾಳ ಸೊಪ್ಪಿನ, ಲೋಳೆಯೂ ಪಾಲಿಮರ್ರೇ, ಸೀಗೆಕಾಯಿಯಲ್ಲಿ ನೊರೆ ಬರಿಸುವುದೂ ಸರ್ಫ್ಯಾಕ್ಟಂಟೇ. ಆದರೆ ಲೋಳೆಗೆ ಈ ಪ್ಲಸ್ ಚಾರ್ಜಿನ ಹಿಡಿತ ಇಲ್ಲ.

ತೊಳೆಯುವಾಗ ಕೂದಲು ಜಾರುತ್ತದಲ್ಲ, ‘ಶಾಂಪೂ ಇನ್ನೂ ಹೋಗಿಲ್ಲ’ ಎಂದು ಮತ್ತೆರಡು ಚೊಂಬು ಸುರಿದುಕೊಳ್ಳುತ್ತೇವೆ. ಎಷ್ಟೋ ಸಲ ಶಾಂಪೂ ಆಗಲೇ ಹೋಗಿರುತ್ತದೆ. ಕೈಗೆ ಸಿಗುತ್ತಿರುವುದು ಗೋರಿಕಾಯಿ.