ಡಿಸ್ಕ್ ಹೊರಗೆ ತೆಗೆಯೋರು ಯಾರು?

ಶಾಲೆಯ ಲ್ಯಾಬಿಗೆ ಹಳೆ ಕಂಪ್ಯೂಟರುಗಳು ಬಂದಿರುತ್ತವೆ. ‘ಡಿವಿಡಿ ಹಾಕಿ ಬಿಟ್ಟರೆ ತಾನೇ ವಿಂಡೋಸ್ ಇನ್‌ಸ್ಟಾಲ್ ಆಗೋ ಹಾಗೆ ಮಾಡಿಕೊಡಿ’ ಅಂತ ಶಿರಸಿ, ಯಲ್ಲಾಪುರ ಕಡೆಯಿಂದ ಈಗಲೂ ಫೋನ್ ಬರುತ್ತದೆ. ಅದೇನೂ ಕಷ್ಟವಲ್ಲ. ಸೆಟಪ್ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು, ಅಟೊಅನಟೆಂಡ್ ಎಂಬ ಎಕ್ಸ್‌ಎಂಎಲ್ ಫೈಲಾಗಿ ಡಿಸ್ಕಿನ ರೂಟ್‌ನಲ್ಲಿ, ಅಂದರೆ ಯಾವ ಫೋಲ್ಡರಿನೊಳಗೂ ಅಲ್ಲದೆ ಹೊರಗೇ, ಇಟ್ಟರೆ ಸಾಕು. ತಲೆನೋವು ಶುರುವಾಗುವುದು ಮೊದಲ ರೀಸ್ಟಾರ್ಟ್ ಆದಮೇಲೆ.

ಡಿವಿಡಿ ಇನ್ನೂ ಡ್ರೈವ್‌ನಲ್ಲೇ ಇದೆ, ಬೂಟ್ ಆರ್ಡರಿನಲ್ಲಿ (ಮಷಿನ್ ಯಾವ ಡ್ರೈವಿನಿಂದ ಮೊದಲು ಶುರುವಾಗಬೇಕು ಎಂಬ ಪಟ್ಟಿ) ಅದೇ ಮೊದಲು. ಮಾಮೂಲಿ ಡಿಸ್ಕಾದರೆ ‘ಯಾವುದಾದರೂ ಕೀ ಒತ್ತಿ’ ಅಂತ ಕೆಲವು ಸೆಕೆಂಡ್ ಕಾಯುತ್ತದೆ. ಯಾರೂ ಒತ್ತದಿದ್ದರೆ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಆ ಸಾಲು ಕಿರಿಕಿರಿ ಅಂತ ಕೆಲವರು ಬೂಟ್ ಫೋಲ್ಡರಿನ ಬೂಟ್‌ಫಿಕ್ಸ್ ಫೈಲನ್ನೇ ಅಳಿಸಿ ಡಿಸ್ಕ್ ಬರೆಯುತ್ತಾರೆ. ಹಳೆ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಮ್) ಇರುವ ಮಷಿನ್ನಿಗೆ ಅದೇ ಕಾವಲು, ಅಲ್ವಾ? ಅದು ಹೋದರೆ ಪ್ರತಿ ರೀಸ್ಟಾರ್ಟಿಗೂ ಸೆಟಪ್ ಹೊಸದಾಗಿ ಶುರು. ಉತ್ತರದ ಫೈಲಿನಲ್ಲಿ ಹಾರ್ಡ್ ಡಿಸ್ಕ್ ಅಳಿಸು ಅಂತಲೂ ಇರುತ್ತದೆ. ಅಳಿಸು, ಕಾಪಿ ಮಾಡು, ರೀಸ್ಟಾರ್ಟ್, ಮತ್ತೆ ಅಳಿಸು. ಸಂಜೆ ಹಚ್ಚಿಟ್ಟು ಹೋದವರು ಬೆಳಿಗ್ಗೆ ಬಂದರೂ ಅಲ್ಲೇ ಇರುತ್ತದೆ.

ನಾನು ಹಾರ್ಡ್ ಡಿಸ್ಕನ್ನೇ ಮೊದಲು ಇಡುತ್ತೇನೆ, ಡಿವಿಡಿ ಎರಡನೆಯದು. ಖಾಲಿ ಹಾರ್ಡ್ ಡಿಸ್ಕಿನಲ್ಲಿ ಬೂಟ್ ಆಗುವಂಥದ್ದು ಏನೂ ಇಲ್ಲದ್ದರಿಂದ ಮಷಿನ್ ತಾನೇ ಡಿವಿಡಿಗೆ ಬರುತ್ತದೆ. ಅಷ್ಟರಲ್ಲಿ ಹಾರ್ಡ್ ಡಿಸ್ಕಿಗೆ ವಿಂಡೋಸ್ ಬಂದಿರುವುದರಿಂದ ಎರಡನೇ ಸಲ ಬರುವುದಿಲ್ಲ. ಹಳೆ ವಿಂಡೋಸ್ ಇದ್ದರೆ ಬೂಟ್ ಮೆನುವಿನಿಂದ ಡಿವಿಡಿಯನ್ನು ಒಂದೇ ಸಲ ಆರಿಸಿ. ನಮ್ಮ ಮಳೆಗಾಲದಲ್ಲಿ ಅರ್ಧಕ್ಕೇ ಕರೆಂಟ್ ಹೋದರೂ ಇದೇ ದಾರಿ. ಬಯೋಸ್ ಬದಲು ಯುಇಎಫ್‌ಐ ಇರುವ ಹೊಸ ಮಷಿನ್ನುಗಳಲ್ಲಿ ವಿಂಡೋಸ್ ಸಾಮಾನ್ಯವಾಗಿ ತನ್ನ ಎಂಟ್ರಿಯನ್ನು ತಾನೇ ಮೇಲಕ್ಕೆ ಹಾಕಿಕೊಳ್ಳುವುದರಿಂದ ಈ ಕಾಟ ಕಡಿಮೆ.

ಲಿನಕ್ಸ್‌ನವರು ಇದನ್ನು ಮೊದಲೇ ಯೋಚಿಸಿದ್ದಾರೆ. ಡೆಬಿಯನ್ ಎಂಬ ಲಿನಕ್ಸ್ ಇನ್‌ಸ್ಟಾಲ್ ಮುಗಿದ ಕೊನೆಯಲ್ಲಿ ಡಿಸ್ಕನ್ನು ತಾನೇ ಹೊರಗೆ ತಳ್ಳುತ್ತದೆ. ಇನ್ನೊಂದು ಲಿನಕ್ಸ್ ಆದ ಫೆಡೋರಾದ ಕಿಕ್‌ಸ್ಟಾರ್ಟ್‌ನಲ್ಲಿ (ಅದರ ಉತ್ತರದ ಫೈಲು) ರೀಬೂಟ್ ಸಾಲಿಗೆ ಇಜೆಕ್ಟ್ ಸೇರಿಸಬೇಕು. ಆದರೆ ಲ್ಯಾಪ್‌ಟಾಪಿನ ಟ್ರೇ ಹೊರಬಂದರೆ ಕೈಯಲ್ಲೇ ಒಳಗೆ ತಳ್ಳಬೇಕು, ಸ್ಕ್ರಿಪ್ಟಿನಿಂದ ಮುಚ್ಚಲು ಹೋಗುವುದು ಸುಮ್ನೆ. ಡೆಬಿಯನ್‌ನಲ್ಲಿ ಇನ್ನೊಂದು ನೋಡಿಕೊಳ್ಳಿ: ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಆಪ್ಟ್‌ನ ಸೋರ್ಸ್ ಪಟ್ಟಿಯಲ್ಲಿ (ಎಲ್ಲಿಂದ ತರಬೇಕು ಎಂಬ ಪಟ್ಟಿ) ಸಿಡಿ ಸಾಲು ಉಳಿದರೆ, ಆಮೇಲೆ ಏನೋ ಇನ್‌ಸ್ಟಾಲ್ ಮಾಡಲು ಹೋದಾಗ ‘ಡಿಸ್ಕ್ ಹಾಕಿ’ ಅನ್ನುತ್ತದೆ. ಡಿಸ್ಕ್ ಅಷ್ಟರಲ್ಲಿ ಕಾರವಾರಕ್ಕೆ ಹೋಗಿರುತ್ತದೆ!

ವಿಂಡೋಸ್ ಸ್ಕ್ರಿಪ್ಟಿನಲ್ಲಿ ಡಿವಿಡಿ ಅಂದರೆ ಡಿ ಡ್ರೈವ್ ಅಂತ ಬರೆಯಬೇಡಿ. ಹಾರ್ಡ್ ಡಿಸ್ಕಿನಲ್ಲಿ ಪಾರ್ಟಿಷನ್ (ಭಾಗ) ಜಾಸ್ತಿಯಾದರೆ ಅಕ್ಷರ ಬದಲಾಗಬಹುದು. ಡಿಸ್ಕಿನಲ್ಲಿ ಒಂದು ಗುರುತಿನ ಫೈಲಿಟ್ಟು, ಅದು ಯಾವ ಡ್ರೈವಿನಲ್ಲಿದೆ ಅಂತ ಹುಡುಕಿಸಿ.

ಉತ್ತರದ ಫೈಲಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೂಡ ಇರುತ್ತದೆ. ವಿಂಡೋಸ್ ಅದನ್ನು ಮರೆಮಾಡಿದಂತೆ ಕಂಡರೂ ಅದು ಬರೀ ಬೇಸ್64, ಅಂದರೆ ಅಕ್ಷರಗಳನ್ನು ಬೇರೆ ರೂಪದಲ್ಲಿ ಬರೆದದ್ದಷ್ಟೆ, ಬಿಡಿಸಲು ನಿಮಿಷವೂ ಬೇಡ. ಹಾಗಾಗಿ ಡಿಸ್ಕಿನಲ್ಲಿ ತಾತ್ಕಾಲಿಕ ಪಾಸ್‌ವರ್ಡ್ ಮಾತ್ರ ಇಟ್ಟು, ಮೊದಲ ಲಾಗಿನ್‌ನಲ್ಲೇ ಶಾಲೆಯವರಿಂದ ಬದಲಿಸಿಬಿಡಿ.