ಹುಕುಮಿನ ಬೇರು ಎಲ್ಲಿಯವರೆಗೆ?

ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ‘ಹುಕುಂ’ ಹೊಸದಲ್ಲ. ಅದರ ಬೇರು ಅರಬ್ಬಿಯ ಹ-ಕ-ಮ. ನಾಡಿ ಹಿಡಿಯುವ ಹಕೀಮನೂ ಆ ಬೇರಿನವನೇ. ಹೀಬ್ರೂವಿನಲ್ಲಿ ಜಾಣನಿಗೆ ‘ಹಾಖಾಮ್’. ವ್ಯಂಜನ ಮೂರೂ ನಿಂತಲ್ಲೇ ನಿಲ್ಲುತ್ತವೆ, ನಡುವಿನ ಸ್ವರ ಬದಲಾದಂತೆ ಅರ್ಥ ಹೊರಳುತ್ತದೆ. ಇಷ್ಟಕ್ಕೆ ಯಾರ ತಕರಾರೂ ಇಲ್ಲ (‘ತಕರಾರು’ ಕೂಡ ಅರಬ್ಬಿಯಿಂದಲೇ ಬಂದದ್ದು ಅನ್ನಿ). ಜಗಳ ಶುರುವಾಗುವುದು ಬೇರು ಹುಡುಕುತ್ತ ಆಫ್ರಿಕಕ್ಕೆ ಇಳಿದಾಗ.

1781ರಲ್ಲಿ ಜರ್ಮನ್ ವಿದ್ವಾಂಸ ಶ್ಲೋಟ್ಸರ್ ಅರಬ್ಬಿ, ಹೀಬ್ರೂಗಳ ಕುಟುಂಬಕ್ಕೆ ಬೈಬಲಿನ ನೋಹನ ಮಗ ಶೇಮನ ಹೆಸರು ಹಿಡಿದು ‘ಸೆಮಿಟಿಕ್’ ಎಂದು ಹೆಸರಿಟ್ಟರು. 19ನೇ ಶತಮಾನ ಆಫ್ರಿಕದ ನೆಂಟ ಭಾಷೆಗಳಿಗಾಗಿ ನೋಹನ ಇನ್ನೊಬ್ಬ ಮಗ ಹಾಮನನ್ನೂ ಎಳೆತಂದು ‘ಹ್ಯಾಮಿಟೊ-ಸೆಮಿಟಿಕ್’ ಎಂದಿತು, ಜೊತೆಗೆ ಜನಾಂಗದ ಮೇಲುಕೀಳೂ ನುಸುಳಿತು. 1950ರ ದಶಕದಲ್ಲಿ ಅಮೆರಿಕದ ಭಾಷಾವಿಜ್ಞಾನಿ ಗ್ರೀನ್‌ಬರ್ಗ್ ಅದನ್ನು ಕೈಬಿಟ್ಟು ‘ಆಫ್ರೋಏಷ್ಯಾಟಿಕ್’ ಎಂದರು. ಸೆಮಿಟಿಕ್, ಈಜಿಪ್ಟಿಯನ್, ಬರ್ಬರ್, ಕುಶಿಟಿಕ್, ಚಾಡಿಕ್ ಎಲ್ಲವೂ ಸರಿಸಮ ಕವಲುಗಳು.

ನಿಜವಾದ ಗೋಜಲು 1995ರದ್ದು. ಈ ಕವಲುಗಳೆಲ್ಲ ಒಡೆದು ಬಂದ ಮೂಲಭಾಷೆಯ ಬೇರುಗಳನ್ನು ಊಹಿಸಿ ಕಟ್ಟಿದ ಎರಡು ದೊಡ್ಡ ಸಂಗ್ರಹ ಒಂದೇ ವರ್ಷ ಬಂದವು. ಕ್ರಿಸ್ಟಫರ್ ಎರೆಟ್ ಅವರದರಲ್ಲಿ ಸಾವಿರದಷ್ಟು ಬೇರು, ಓರೆಲ್ ಮತ್ತು ಸ್ಟೊಲ್ಬೊವಾ ಅವರದರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು. ಪಕ್ಕಪಕ್ಕ ಇಟ್ಟು ನೋಡಿದರೆ ತಾಳೆಯಾಗುವುದು ತೀರಾ ಸ್ವಲ್ಪ. ಸೆಮಿಟಿಕ್ ಬೇರಿನ ಮೂರನೆಯ ವ್ಯಂಜನ ಹಿಂದೊಮ್ಮೆ ಪ್ರತ್ಯಯವಾಗಿತ್ತು ಎಂಬುದು ಎರೆಟ್ ಅವರ ವಾದ. ಅದನ್ನು ಕಳಚಿದರೆ ಉಳಿಯುವುದು ಎರಡೇ ವ್ಯಂಜನ. ಎರಡು ವ್ಯಂಜನಕ್ಕೆ ಜೋಡಿ ಯಾವ ಭಾಷೆಯಲ್ಲಿ ಸಿಗುವುದಿಲ್ಲ? ಅರಬ್ಬಿಯ ‘ಕತಅ’ ಎಂದರೆ ಕತ್ತರಿಸು. ನಮ್ಮ ಕತ್ತರಿಗೂ ಅದಕ್ಕೂ ನಂಟು ಕಟ್ಟಲು ಎಷ್ಟು ಹೊತ್ತು!

ಹಾಗೆಂದು ನಂಟೇ ಇಲ್ಲ ಎನ್ನುವಂತಿಲ್ಲ. ಸಾಯುವುದಕ್ಕೆ ಅರಬ್ಬಿಯಲ್ಲಿ ‘ಮಾತ’, ಹೀಬ್ರೂವಿನಲ್ಲಿ ‘ಮೇತ್’, ಚಾಡಿಕ್ ಕವಲಿನ, ನೈಜೀರಿಯದ ಹೌಸಾದಲ್ಲಿ ‘ಮುತು’. ಇಸ್ಲಾಮಿನ ಜೊತೆ ಹೋದ ಪದವಿರಬಹುದೇ? ಹೌಸಾ ಅರಬ್ಬಿಯಿಂದ ಬೇಕಾದಷ್ಟು ಎತ್ತಿಕೊಂಡಿದೆ. ಅಲ್ಲಿನ ‘ಲಿತ್ತಾಫಿ’ ನಮ್ಮ ಕಿತಾಬೇ. ಆದರೆ ಈಜಿಪ್ಟಿನವರು ಮ-ವ-ತ ಎಂದು ಬರೆದದ್ದು ಅರಬರು ಅಲ್ಲಿಗೆ ಕಾಲಿಡುವ ಸಾವಿರಾರು ವರ್ಷ ಮೊದಲು. ಇದು ಸಾಲವಲ್ಲ, ಪಿತ್ರಾರ್ಜಿತ.

ಪದಪಟ್ಟಿಗಿಂತ ವ್ಯಾಕರಣದ ಸಾಕ್ಷಿಯೇ ಗಟ್ಟಿ. ಪದ ಸಂತೆಯಲ್ಲೂ ಸಿಗುತ್ತದೆ, ಗಂಡುಹೆಣ್ಣಿನ ಗುರುತು ಅಷ್ಟು ಸುಲಭಕ್ಕೆ ಸಿಗದು. ಉತ್ತರ ಆಫ್ರಿಕದ ಬರ್ಬರ್‌ನಲ್ಲಿ ಹಿರಿಯ ‘ಅಮ್‌ಘಾರ್’. ಹಿಂದೆ ಮುಂದೆ ತಕಾರ ಸೇರಿದರೆ ‘ತಮ್‌ಘಾರ್ತ್’, ಹೆಂಗಸು. ಹೌಸಾದಲ್ಲಿ ಅವನು ಸತ್ತರೆ ‘ಯಾ ಮುತು’, ಅವಳು ಸತ್ತರೆ ‘ತಾ ಮುತು’. ಅರಬ್ಬಿಯಲ್ಲಿ ಅವನು ಸಾಯುತ್ತಾನೆ ‘ಯಮೂತು’, ಅವಳು ಸಾಯುತ್ತಾಳೆ ‘ತಮೂತು’.